ಬಸ್ ಎಲ್ಲಿಗೆ ಬೇಕೆಂದು ಕೇಳಬೇಡಿ

ಕೆಲವು ವರ್ಷಗಳ ಹಿಂದೆ ಒಂದು ಊರಿನ ನಗರ ಸಾರಿಗೆ ಯೋಜನೆಗಾಗಿ ನಾನು ಕರೆದ ಮೊದಲ ಸಾರ್ವಜನಿಕ ಸಭೆ ನಡೆದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ಶಾಮಿಯಾನ, ಮೈಕು, ಕೇಸರಿಬಾತು ಎಲ್ಲವೂ ಇದ್ದವು. ಬಂದವರು ನಲವತ್ತು ಮಂದಿ. ಹೆಚ್ಚಿನವರು ನಿವೃತ್ತರು, ಬಂದದ್ದು ಸ್ಕೂಟರಿನಲ್ಲಿ. ಹೆಂಗಸರು ಇಬ್ಬರೇ, ಅವರಲ್ಲಿ ಒಬ್ಬರು ಮೈಕಿನವನ ಹೆಂಡತಿ. ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಬಡಾವಣೆಗೆ ಬಸ್ ಬೇಕೆಂದರು. ನಾನು ಮೂವತ್ತೊಂದು ಬೇಡಿಕೆಗಳನ್ನು ಬರೆದುಕೊಂಡು ಅಷ್ಟನ್ನೂ ನಕ್ಷೆಯಲ್ಲಿ ಕೂರಿಸಿದೆ. ‘ಜನರ ಸಹಭಾಗಿತ್ವದಲ್ಲಿ ರೂಪುಗೊಂಡ ಯೋಜನೆ’ ಎಂದು ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದೆ. ನನ್ನ ಬಸ್ಸುಗಳು ಗಲ್ಲಿಗಲ್ಲಿಗೂ ಹೋದವು, ಒಂದೂಕಾಲು ಗಂಟೆಗೊಂದರಂತೆ. ವರ್ಷ ತುಂಬುವುದರೊಳಗೆ ಬಹುಪಾಲು ಮಾರ್ಗಗಳು ನಿಂತುಹೋದವು. ಅಂದು ಎದ್ದು ನಿಂತು ಕೇಳಿದ್ದವರಲ್ಲಿ ಒಬ್ಬರಾದರೂ ಆ ಬಸ್ ಹತ್ತಿದ್ದನ್ನು ನಾನು ಕಾಣೆ.

ಬಸ್ ಎಲ್ಲಿಗೆ ಬೇಕು ಎಂದರೆ ಯಾರಾದರೂ ಮನೆ ಬಾಗಿಲಿಗೆ ಎನ್ನುತ್ತಾರೆ. ಕೊಡುತ್ತೇನೆಂದು ಬಂದವನ ಮುಂದೆ ಬೇಡವೆನ್ನುವವರುಂಟೆ? ಆಮೇಲೆ ನಾನು ಪ್ರಶ್ನೆಯನ್ನೇ ಬದಲಿಸಿದೆ. ನಿನ್ನೆ ಎದ್ದಾಗಿನಿಂದ ಮಲಗುವವರೆಗೆ ಎಲ್ಲೆಲ್ಲಿಗೆ ಹೋದಿರಿ, ಹೇಗೆ ಹೋದಿರಿ, ಎಷ್ಟು ಹೊತ್ತು ಕಾದಿರಿ, ಎಷ್ಟು ದುಡ್ಡು ಕೊಟ್ಟಿರಿ?

ನಮ್ಮೂರು ತುಮಕೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಹನ್ನೊಂದು ಗಂಟೆಯ ಸಭೆಯಿಂದ ಏನೂ ಆಗದು. ಬೆಳಗಿನ ಐದೂವರೆಗೆ ಅಂತರಸನಹಳ್ಳಿ ಮಾರುಕಟ್ಟೆಯಲ್ಲಿ ತರಕಾರಿ ಬುಟ್ಟಿಗಳ ನಡುವೆ ನಿಲ್ಲಬೇಕು. ಬೆಂಗಳೂರಿನ ರೈಲು ಹಿಡಿಯಲು ಓಡುವವರನ್ನು ಓಡಲು ಬಿಟ್ಟು, ಸಂಜೆ ಅವರು ಇಳಿದು ಬರುವಾಗ ಮಾತನಾಡಿಸಬೇಕು. ಕ್ಯಾತ್ಸಂದ್ರದಲ್ಲಿ ಕಾಲೇಜು ಬಿಡುವ ಹೊತ್ತಿಗೆ, ಜಿಲ್ಲಾ ಆಸ್ಪತ್ರೆಯ ಮುಂದೆ ಹೊರರೋಗಿಗಳು ಹೊರಗೆ ಬರುವ ಹೊತ್ತಿಗೆ, ಪೌರಕಾರ್ಮಿಕರು ಬೆಳಗಿನ ಕೆಲಸ ಮುಗಿಸಿ ಚಹಾಕ್ಕೆ ಕೂರುವ ಹೊತ್ತಿಗೆ ಅಲ್ಲಲ್ಲಿ ಇರಬೇಕು. ಪಾಲಿಕೆಗೆ 35 ವಾರ್ಡುಗಳಿವೆ, ಎಲ್ಲದರಲ್ಲೂ ವೇದಿಕೆ ಹಾಕುವುದಕ್ಕಿಂತ ಇಂಥ ಹತ್ತು ಜಾಗಗಳಲ್ಲಿ ಹತ್ತು ದಿನ ನಿಲ್ಲುವುದು ಲೇಸು.

ಮೇಳೆಕೋಟೆ ಕಡೆಯ ಒಬ್ಬ ಹೆಂಗಸು ಹೇಳಿದ ‘ನಿನ್ನೆ’ ಹೀಗಿತ್ತು. ಬೆಳಿಗ್ಗೆ ಎಸ್‌ಐಟಿ ಬಡಾವಣೆಯಲ್ಲಿ ಎರಡು ಮನೆಯ ಕೆಲಸ, ಅಲ್ಲಿಂದ ಆಸ್ಪತ್ರೆಗೆ ಹೋಗಿ ಅತ್ತೆಯ ಮಾತ್ರೆ, ಬರುವ ದಾರಿಯಲ್ಲಿ ಪಡಿತರ, ಮತ್ತೆ ಸಂಜೆ ಒಂದು ಮನೆ. ನಾಲ್ಕು ಸಲ ಆಟೊ ಹತ್ತಿದ್ದರು. ಬಸ್ ಉಚಿತವಲ್ಲವೆ ಎಂದು ಕೇಳಿದೆ. “ಬಸ್ಸಿಗೆ ದುಡ್ಡಿಲ್ಲ ನಿಜ ಸಾರ್, ಆದರೆ ಅದು ಬರುವಷ್ಟರಲ್ಲಿ ನಾನು ಒಂದು ಮನೆಯ ಪಾತ್ರೆ ತೊಳೆದಿರುತ್ತೇನೆ” ಎಂದರು. ಕಾಯುವುದಕ್ಕೂ ಬೆಲೆಯಿದೆ ಎಂಬುದನ್ನು ನಾವು ಸಾರಿಗೆಯವರು ಪುಟಗಟ್ಟಲೆ ಸೂತ್ರ ಬರೆದು ಹೇಳುತ್ತೇವೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಯಂತ್ರದಲ್ಲಿ ಮಹಿಳೆಯರ ಉಚಿತ ಪ್ರಯಾಣ ಶೂನ್ಯ ಟಿಕೆಟ್ ರೂಪದಲ್ಲಿ ದಾಖಲಾಗುತ್ತಿದೆ. ಯೋಜನೆ ಮಾಡುವವನಿಗೆ ಇದು ದೊಡ್ಡ ಗಣಿ. ಆದರೆ ಯಂತ್ರಕ್ಕೆ ಗೊತ್ತಿರುವುದು ಹತ್ತಿದವರು ಮಾತ್ರ. ಇಪ್ಪತ್ತು ನಿಮಿಷ ಕಾದು ಆಟೊ ಹತ್ತಿದ ಹೆಂಗಸು ಅದರಲ್ಲಿ ಇಲ್ಲ. ಫುಟ್‌ಬೋರ್ಡ್ ಎತ್ತರವೆಂದು ಮನೆಯಲ್ಲೇ ಉಳಿದ ಅಜ್ಜಿಯೂ ಇಲ್ಲ. ಇರುವ ಬಸ್ಸಿನ ಅಂಕಿಅಂಶವನ್ನಷ್ಟೇ ಹಿಡಿದು ಹೊಸ ಬಸ್ ಯೋಜಿಸಿದರೆ ಹಳೆಯ ತಪ್ಪಿಗೇ ಇನ್ನೊಂದು ಟ್ರಿಪ್ ಸೇರಿಸಿದಂತೆ.

ಇನ್ನು ಸಭೆಗಳಿಗೆ ಯಾರೂ ಕರೆಯದ ತಜ್ಞರೆಂದರೆ ಚಾಲಕರು ಮತ್ತು ನಿರ್ವಾಹಕರು. ಡಿಪೋ ಗೇಟಿನ ಹೊರಗಿನ ಹೋಟೆಲಿನಲ್ಲಿ ಅವರೊಂದಿಗೆ ಕಳೆದ ಒಂದು ಸಂಜೆ ನನಗೆ ಮೂರು ತಿಂಗಳ ಸಮೀಕ್ಷೆಗಿಂತ ಹೆಚ್ಚು ಕಲಿಸಿದೆ. ಕಾಗದದ ಮೇಲೆ ಒಂದು ಸಿಂಗಲ್‌ಗೆ, ಅಂದರೆ ಒಂದು ತುದಿಯಿಂದ ಇನ್ನೊಂದು ತುದಿಗೆ, ಮೂವತ್ತು ನಿಮಿಷ ಎಂದಿರುತ್ತದೆ. ಶಾಲೆ ಕಚೇರಿಗಳ ಹೊತ್ತಿನಲ್ಲಿ ಊರಿನ ಮುಖ್ಯ ರಸ್ತೆಯಾದ ಬಿ.ಎಚ್. ರಸ್ತೆಯಲ್ಲಿ ಅದು ನಲವತ್ತು ದಾಟುತ್ತದೆ. ತಡವಾದ ಹತ್ತು ನಿಮಿಷವನ್ನು ಚಾಲಕ ಎಲ್ಲಿಂದ ತರಬೇಕು? ಕೊನೆಯ ಎರಡು ನಿಲ್ದಾಣಗಳಿಗೆ ಹೋಗದೆ ತಿರುಗಿಸುತ್ತಾನೆ, ಇಲ್ಲವೆ ಊಟದ ಹೊತ್ತನ್ನು ಬಿಡುತ್ತಾನೆ. ಆ ಕೊನೆಯ ನಿಲ್ದಾಣದವರು ಬಸ್ಸೇ ಬರುವುದಿಲ್ಲ ಎಂದು ಅರ್ಜಿ ಬರೆಯುತ್ತಾರೆ, ಕಾಗದ ಮಾತ್ರ ಬಸ್ ಹೋಗಿದೆ ಎನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಿರ್ವಾಹಕಿಯೊಬ್ಬರು ಕೇಳಿದ್ದು ಮಾರ್ಗದ ತುದಿಯಲ್ಲಿ ಒಂದು ಶೌಚಾಲಯ, ಅಷ್ಟೇ. ಅದುವರೆಗೆ ನನ್ನ ಯಾವ ನಕ್ಷೆಯಲ್ಲೂ ಶೌಚಾಲಯಕ್ಕೆ ಗುರುತೇ ಇರಲಿಲ್ಲ.

ಕೇಳಿಸಿಕೊಳ್ಳುವುದು ಅರ್ಧ ಕೆಲಸ. ನಮ್ಮ ಲೆಕ್ಕವನ್ನು ಜನರ ಮುಂದೆ ಬಿಚ್ಚಿಡುವುದು ಉಳಿದರ್ಧ. ಇದಕ್ಕೆ ಹೆಚ್ಚಿನ ಇಲಾಖೆಗಳು ಹೆದರುತ್ತವೆ, ನಾನೂ ಹೆದರುತ್ತಿದ್ದೆ. ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಕ್ಯಾತ್ಸಂದ್ರದಿಂದ ಬಟವಾಡಿ, ಬಸ್ ನಿಲ್ದಾಣದ ಮೇಲೆ ಗುಬ್ಬಿ ಗೇಟಿಗೆ ಹೋಗಲು ಮೂವತ್ತು ನಿಮಿಷ, ಬರಲು ಮೂವತ್ತು, ಎರಡೂ ತುದಿಗಳಲ್ಲಿ ಐದೈದು ನಿಮಿಷದ ಬಿಡುವು ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 70 ನಿಮಿಷ. ಒಂದೇ ಬಸ್ ಬಿಟ್ಟರೆ 70 ನಿಮಿಷಕ್ಕೊಮ್ಮೆ ಬರುತ್ತದೆ, ಏಳು ಬಿಟ್ಟರೆ 10 ನಿಮಿಷಕ್ಕೊಮ್ಮೆ.

ತುಮಕೂರಿನ ಒಂದು ವಾರ್ಡಿನಲ್ಲಿ ಈ ಲೆಕ್ಕವನ್ನು ಅವರೆಕಾಳಿನಿಂದ ಆಡಿಸಿದೆವು. ಮಾಗಿಯ ಕಾಲ, ಬಂದಿದ್ದ ಹೆಂಗಸರಲ್ಲಿ ಹಲವರು ಕಾಯಿ ಸುಲಿಯುವುದನ್ನು ಬಿಟ್ಟು ಬಂದವರೇ, ಆದ್ದರಿಂದ ಕಾಳಿಗೆ ಬರವಿರಲಿಲ್ಲ. ನೆಲದ ಮೇಲೆ ಊರಿನ ನಕ್ಷೆಯ ಫ್ಲೆಕ್ಸ್ ಹಾಸಿ, ಗುಂಪಿಗೆ ಇಪ್ಪತ್ತು ಕಾಳು ಕೊಟ್ಟೆವು. ಒಂದು ಕಾಳು ಒಂದು ಬಸ್. (ಇಪ್ಪತ್ತು ಎಂಬುದು ಆಟಕ್ಕೆ ಇಟ್ಟ ಸಂಖ್ಯೆ, ಊರಿನ ಬಸ್ಸುಗಳ ಲೆಕ್ಕವಲ್ಲ.) ಮೊದಲ ಸುತ್ತಿನಲ್ಲಿ ಎಲ್ಲ ಗುಂಪುಗಳೂ ನಾನು ಹಿಂದೆ ಮಾಡಿದ್ದನ್ನೇ ಮಾಡಿದವು: ಇಪ್ಪತ್ತು ದಿಕ್ಕಿಗೆ ಇಪ್ಪತ್ತು ಕಾಳು. ನಾನು ಒಂದು ಕಾಳನ್ನು ತೋರಿಸಿ, ಇದು ಈಗ ತಾನೆ ಹೋಯಿತು, ಮುಂದಿನದು 70 ನಿಮಿಷಕ್ಕೆ, ಯಾರು ಕಾಯುತ್ತೀರಿ ಎಂದೆ. ಯಾರೂ ಕೈ ಎತ್ತಲಿಲ್ಲ.

ಎರಡನೇ ಸುತ್ತಿನಲ್ಲಿ ಕಾಳುಗಳು ಚೆದುರುವುದು ಬಿಟ್ಟು ಗುಡ್ಡೆಯಾದವು. ಕ್ಯಾತ್ಸಂದ್ರ–ಗುಬ್ಬಿ ಗೇಟಿನ ಮೇಲೆ ಏಳು, ಅಂತರಸನಹಳ್ಳಿಯಿಂದ ಕುಣಿಗಲ್ ರಸ್ತೆ ಕಡೆಗೆ ಏಳು. ಉಳಿದ ಆರರ ಮೇಲೆ ನಿಜವಾದ ಜಗಳ ಶುರುವಾಯಿತು. ಹಿರಿಯರೊಬ್ಬರು ದೊಡ್ಡ ಮಾರ್ಗದ ಬಸ್ಸನ್ನೇ ತಮ್ಮ ಬಡಾವಣೆಯೊಳಗೆ ತಿರುಗಿಸಿಕೊಂಡು ಹೋಗಿ ಎಂದರು. ಹೋಗುವಾಗ ನಾಲ್ಕು, ಬರುವಾಗ ನಾಲ್ಕು, ಎಂಟೇ ನಿಮಿಷ. ಒಬ್ಬ ಕಾಲೇಜು ಹುಡುಗಿ ಫ್ಲೆಕ್ಸಿನ ಅಂಚಿನಲ್ಲಿ ಪೆನ್ನಿನಿಂದ ಗುಣಿಸಿ ನೋಡಿದಳು: ಸುತ್ತು 78 ನಿಮಿಷವಾಗುತ್ತದೆ, 10 ನಿಮಿಷಕ್ಕೊಂದು ಬಸ್ ಉಳಿಯಬೇಕಾದರೆ ಎಂಟನೆಯ ಕಾಳು ಬೇಕು. “ಅಂಕಲ್, ಆ ಕಾಳು ಯಾರ ಬೀದಿಯಿಂದ ತೆಗೆಯಲಿ?” ಎಂದಳು. ಅವರು ಸಿಟ್ಟಾದರು, ಆದರೆ ಎದ್ದು ಹೋಗಲಿಲ್ಲ.

ಆ ಮಧ್ಯಾಹ್ನದ ದೊಡ್ಡ ಮಾತು ಹೊರಟದ್ದು ಇಲ್ಲಿಂದ. ನಾವು ಬಿ.ಎಚ್. ರಸ್ತೆಯವರೆಗೆ ನಡೆಯುತ್ತೇವೆ ಎಂದು ಒಂದು ಗುಂಪು ಒಪ್ಪಿತು, ಷರತ್ತು ಹಾಕಿ: ಚರಂಡಿಗೆ ಚಪ್ಪಡಿ ಮುಚ್ಚಿಸಿ, ಖಾಲಿ ನಿವೇಶನದ ತಿರುವಿನಲ್ಲಿ ದೀಪ ಹಾಕಿಸಿ, ನಾಯಿಗಳ ವಿಷಯ ನೋಡಿ. ನಮ್ಮ ಕೈಪಿಡಿಗಳು ನಿಲ್ದಾಣಕ್ಕೆ 500 ಮೀಟರ್ ನಡೆಯಬಹುದು ಎನ್ನುತ್ತವೆ. ರಾತ್ರಿ ಎಂಟಕ್ಕೆ ಒಂಟಿಯಾಗಿ ನಡೆಯುವ 500 ಮೀಟರ್ ಎಷ್ಟು ಉದ್ದ ಎಂದು ಕೈಪಿಡಿಗೆ ತಿಳಿಯದು. ದೀಪ, ಚಪ್ಪಡಿ ಸಾರಿಗೆ ನಿಗಮದ ಕೆಲಸವಲ್ಲ, ಪಾಲಿಕೆಯದು. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕದಿದ್ದರೆ ಬಸ್ ಇದ್ದೂ ಇಲ್ಲದಂತೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ವಾಹನಗಳಿಗಲ್ಲ, ಜನರ ಓಡಾಟಕ್ಕೆ ಆದ್ಯತೆ ಕೊಡಿ ಎಂದದ್ದನ್ನು ನಾನು ಓದಿಕೊಳ್ಳುವುದು ಈ ಚಪ್ಪಡಿಯ ಮೇಲೆ ನಿಂತೇ.

ಹೆಚ್ಚು ಬಸ್ ತಂದರೆ ಮುಗಿಯಿತಲ್ಲ ಎನ್ನುವವರಿಗೆ: ಹೌದು, ತರಲೇಬೇಕು. ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಮಾನದಂಡದ ಮೇಲ್ದರ್ಜೆಗೆ ಸಾವಿರ ಜನಕ್ಕೆ 0.6 ಬಸ್ ಬೇಕು. 2011ರ ಜನಗಣತಿಯ 3.02 ಲಕ್ಷ ಜನರನ್ನೇ ಹಿಡಿದರೂ ತುಮಕೂರಿಗೆ 180ರಷ್ಟು. ಎಲೆಕ್ಟ್ರಿಕ್ ಬಸ್ಸುಗಳಿಗಾಗಿ ಕೇಂದ್ರ ತಂದ 2023ರ ಪಿಎಂ ಇ-ಬಸ್ ಸೇವಾ ಯೋಜನೆ ಮೂರು ಲಕ್ಷ ಮೀರಿದ ಊರುಗಳಿಗೆ ಎಂದಾಗ ನಮ್ಮೂರು ಆ ಗೆರೆಯನ್ನು ಕೂದಲೆಳೆಯಲ್ಲಿ ದಾಟಿತ್ತು. ಆದರೆ ಇಪ್ಪತ್ತು ಕಾಳನ್ನು ಚೆದುರಿಸಿದ ಕೈ ನೂರ ಎಂಬತ್ತನ್ನೂ ಚೆದುರಿಸುತ್ತದೆ. ಮೆಟ್ರೊ ವಿಷಯವೂ ಅಷ್ಟೇ. ತುಮಕೂರಿಗೆ ಮೆಟ್ರೊ ತರುವ ಕಾರ್ಯಸಾಧ್ಯತೆ ನೋಡುತ್ತೇವೆಂದು 2024ರ ರಾಜ್ಯ ಬಜೆಟ್ ಹೇಳಿದಂದಿನಿಂದ ನಾನು ಯಾವ ಮದುವೆಗೆ ಹೋದರೂ ಪಕ್ಕದ ಎಲೆಯವರು ಕೇಳುವುದು ಅದನ್ನೇ. ಮೆಟ್ರೊ ನಿಲ್ದಾಣಕ್ಕೆ ಮನೆಯಿಂದ ಹೇಗೆ ಹೋಗುತ್ತೀರಿ ಎಂದರೆ ಪಾಯಸದ ಕಡೆ ತಿರುಗುತ್ತಾರೆ.

ಆಟೊ ಚಾಲಕರನ್ನು ಬೇರೆಯಾಗಿಯೇ ಕೂರಿಸಿ ಮಾತನಾಡಬೇಕು. ಅವರ ಪರ್ಮಿಟ್ ಒಪ್ಪಂದ ವಾಹನದ್ದು, ಅಂದರೆ ಇಡೀ ಗಾಡಿಯನ್ನು ಬಾಡಿಗೆಗೆ ಕೊಡುವಂಥದ್ದು. ಬಸ್ಸಿನಂತೆ ಅಲ್ಲಲ್ಲಿ ಹತ್ತಿಸಿ ಇಳಿಸಿ ತಲೆಗಿಷ್ಟು ಎಂದು ಪಡೆಯುವಂತಿಲ್ಲ. ಆದರೂ ಬಸ್ ಇಲ್ಲದ ಕಡೆ ಊರನ್ನು ಎಳೆಯುತ್ತಿರುವವರು ಅವರೇ. ದೊಡ್ಡ ಮಾರ್ಗಕ್ಕೆ ಬಸ್, ಒಳಬೀದಿಗೆ ಆಟೊ ಎಂಬ ಹೊಂದಾಣಿಕೆಗೆ ನಾವು ಭಾವಿಸುವುದಕ್ಕಿಂತ ಬೇಗ ಒಪ್ಪುತ್ತಾರೆ, ನಿಲ್ದಾಣದ ಪಕ್ಕ ಅವರಿಗೂ ಒಂದು ಜಾಗ ಗುರುತಿಸಿದರೆ.

ಒಂದು ಕಸುಬಿನ ಗುಟ್ಟು. ಹೊಸ ಮಾರ್ಗವನ್ನು ಜನವರಿಯಲ್ಲಿ ಉದ್ಘಾಟಿಸಬೇಡಿ, ಜೂನ್‌ನಲ್ಲಿ ಆರಂಭಿಸಿ. ಶಾಲೆ ಕಾಲೇಜು ಸೇರುವಾಗ, ಪಾಸ್ ಮಾಡಿಸುವಾಗ ಮನೆಯವರು ವರ್ಷದ ಓಡಾಟವನ್ನು ಗೊತ್ತುಮಾಡಿಕೊಳ್ಳುತ್ತಾರೆ, ಆಮೇಲೆ ಬದಲಿಸುವುದು ಕಷ್ಟ. ಆರು ತಿಂಗಳು ಖಾಲಿ ಬಸ್ ಎಂದು ಯಾರು ಬೈದರೂ ವೇಳಾಪಟ್ಟಿಯನ್ನು ಅಲುಗಾಡಿಸಬೇಡಿ. ಕೇಳಿದ್ದನ್ನು ಕೊಡಲಾಗದವರಿಗೆ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಿ. ಆ ಹಿರಿಯರಿಗೆ 78 ನಿಮಿಷದ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು ಕಳಿಸಿದೆ. ಎರಡು ಪುಟದ ಉತ್ತರ ಬಂತು, ಒಪ್ಪಿಲ್ಲ.

ಅಂದು ಆಟ ಮುಗಿದು ಫ್ಲೆಕ್ಸ್ ಸುತ್ತುವಾಗ ಒಂದು ಗುಂಪಿನಲ್ಲಿ ಹತ್ತೊಂಬತ್ತು ಕಾಳು ಸಿಕ್ಕಿತು. ಇಪ್ಪತ್ತನೆಯದು ನರ್ಸೊಬ್ಬರ ಮುಷ್ಟಿಯಲ್ಲಿತ್ತು. ಎಲ್ಲ ಗುಂಪುಗಳೂ ಬೆಳಗಿನ ಬಸ್ಸುಗಳನ್ನೇ ಹಂಚುತ್ತಿದ್ದವು, ಇದು ರಾತ್ರಿ ಒಂಬತ್ತೂಕಾಲಿನದು ಎಂದರು. ಎಲ್ಲಿಗೆ ಎಂದು ಕೇಳಿದೆ. ಮಾರ್ಗ ಯಾವುದಾದರೂ ಹಾಕಿ, ನಮ್ಮ ಡ್ಯೂಟಿ ಒಂಬತ್ತಕ್ಕೆ ಮುಗಿಯುತ್ತದೆ, ಅಷ್ಟು ಹೊತ್ತಿಗೆ ಅದು ಆಸ್ಪತ್ರೆಯ ಮುಂದೆ ಇದ್ದರೆ ಸಾಕು ಎಂದು ಕಾಳನ್ನು ನನ್ನ ಕೈಗೆ ಹಾಕಿದರು.