ಅರ್ಧಕ್ಕಿಂತ ಒಂದು ಮತ ಹೆಚ್ಚು: ಎರಡನೇ ಸುತ್ತಿನ ಹಿನ್ನೆಲೆ

ಮಡಿಕೇರಿಗೆ ಮೇಯರ್ ಇಲ್ಲ. 23 ವಾರ್ಡುಗಳ ಈ ಊರಿನದು ಮಹಾನಗರ ಪಾಲಿಕೆಯಲ್ಲ, ನಗರಸಭೆ. ಅದರ ಅಧ್ಯಕ್ಷರನ್ನು ಗೆದ್ದು ಬಂದ ಸದಸ್ಯರು, ಶಾಸಕರು ಮತ್ತು ಸಂಸದರು ಸಭೆಯಲ್ಲಿ ಕೈಯೆತ್ತಿ ಆರಿಸುತ್ತಾರೆ. ಹೀಗಾಗಿ ದೂರದ ಊರೊಂದರ ಮೇಯರ್ ಚುನಾವಣೆ ‘ಎರಡನೇ ಸುತ್ತಿಗೆ ಹೋಯಿತು’ ಎಂಬ ಸುದ್ದಿ ಬಂದಾಗ, ಎಣಿಕೆ ಮುಗಿದ ಮೇಲೂ ಜನರನ್ನು ಮತ್ತೆ ಮತಗಟ್ಟೆಗೆ ಕರೆಯುವುದೇಕೆ ಎಂಬ ಪ್ರಶ್ನೆ ಇಲ್ಲಿನವರಲ್ಲಿ ಏಳುವುದು ಸಹಜ.

ಅಮೆರಿಕದ ಷಿಕಾಗೊ ನಗರದ ಕಥೆ ಇದಕ್ಕೆ ಒಳ್ಳೆಯ ಉತ್ತರ. 1983ರಲ್ಲಿ ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿ ಆಯ್ಕೆಯಲ್ಲಿ ಜೇನ್ ಬರ್ನ್ ಮತ್ತು ರಿಚರ್ಡ್ ಡೇಲಿ ಬಿಳಿಯರ ಮತಗಳನ್ನು ಹಂಚಿಕೊಂಡರು. ಸುಮಾರು ಶೇ 36ರಷ್ಟು ಮತ ಪಡೆದ ಕಪ್ಪು ಅಭ್ಯರ್ಥಿ ಹೆರಾಲ್ಡ್ ವಾಷಿಂಗ್ಟನ್ ಗೆದ್ದು, ಮುಂದೆ ಆ ನಗರದ ಮೊದಲ ಕಪ್ಪು ಮೇಯರ್ ಆದರು. 1995ರ ಕಾನೂನು ಮತಪತ್ರದಿಂದ ಪಕ್ಷಗಳ ಹೆಸರನ್ನು ತೆಗೆದು, ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಮತ್ತೊಂದು ಮತದಾನ ನಡೆಸಬೇಕೆಂದಿತು. ಅಂಥ ಗೆಲುವು ಮರುಕಳಿಸದಿರಲೆಂದೇ ಈ ಏರ್ಪಾಡು ಎಂದು ಆಗ ಹಲವರು ದೂರಿದ್ದರು. ಆದರೆ 2023ರ ಫೆಬ್ರುವರಿಯಲ್ಲಿ ಸುಮಾರು ಶೇ 22 ಮತಗಳೊಂದಿಗೆ ಎರಡನೆಯವರಾಗಿದ್ದ ಕಪ್ಪು ಅಭ್ಯರ್ಥಿ ಬ್ರ್ಯಾಂಡನ್ ಜಾನ್ಸನ್, ಶೇ 33ರಷ್ಟು ಪಡೆದು ಮುಂದಿದ್ದ ಪಾಲ್ ವ್ಯಾಲಸ್ ಅವರನ್ನು ಏಪ್ರಿಲ್ 4ರ ಎರಡನೇ ಸುತ್ತಿನಲ್ಲಿ ಸೋಲಿಸಿದರು. ನಿಯಮ ಮಾಡಿದವರ ಲೆಕ್ಕಾಚಾರಕ್ಕೆ ನಿಯಮವೇ ಕಟ್ಟುಬೀಳಲಿಲ್ಲ.

ನಮ್ಮಲ್ಲೂ ಇದರ ಬಂಧುವೊಂದಿದೆ, ಮತ್ತೆ ಮತಗಟ್ಟೆಗೆ ಹೋಗುವ ಖರ್ಚಿಲ್ಲದ್ದು: ಒಂದೇ ಮತಪತ್ರದಲ್ಲಿ ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸುವ ಪ್ರಾಶಸ್ತ್ಯ ಮತ. 1969ರ ರಾಷ್ಟ್ರಪತಿ ಚುನಾವಣೆಯಲ್ಲಿ ವಿ.ವಿ. ಗಿರಿ ಅವರಿಗೆ ಮೊದಲ ಎಣಿಕೆಯಲ್ಲಿ ಬಂದದ್ದು 4,01,515, ಬೇಕಿದ್ದದ್ದು 4,18,169. ಕೆಳಗಿನವರ ಮತಪತ್ರಗಳಲ್ಲಿದ್ದ ಎರಡನೇ ಪ್ರಾಶಸ್ತ್ಯ ಸೇರಿದ ಮೇಲೆಯೇ ಅವರು 4,20,077ಕ್ಕೆ ಮುಟ್ಟಿ ನೀಲಂ ಸಂಜೀವ ರೆಡ್ಡಿಯವರನ್ನು ಮಣಿಸಿದರು. ವಿಧಾನ ಪರಿಷತ್ತಿನ ನೈಋತ್ಯ ಪದವೀಧರರ ಕ್ಷೇತ್ರದ ಮತದಾರರಾಗಿ ಕೊಡಗಿನವರಿಗೂ ಈ ವಿಧಾನ ಹೊಸದಲ್ಲ. ಮತಗಟ್ಟೆಯಲ್ಲಿ ಕೊಟ್ಟ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಹೆಸರುಗಳ ಮುಂದೆ 1, 2, 3 ಎಂದು ಅಂಕಿಯಲ್ಲಿ ಬರೆಯಬೇಕು. ‘ಒಂದು’ ಎಂದು ಅಕ್ಷರದಲ್ಲಿ ಬರೆದರೆ, ಅಭ್ಯಾಸಬಲದಿಂದ ಟಿಕ್ ಹಾಕಿದರೆ ಮತ ಕುಲಗೆಟ್ಟಿತು. ಓದಿದವರ ಕ್ಷೇತ್ರದಲ್ಲೇ ಪ್ರತಿ ಸಲವೂ ಸಾವಿರಾರು ಮತಗಳು ತಿರಸ್ಕೃತವಾಗುವುದನ್ನು ನೋಡಿದರೆ, ಎರಡನೇ ಸುತ್ತಿನ ಖರ್ಚೇ ಮೇಲೆನಿಸುವುದುಂಟು.

ಉತ್ತರ ಪ್ರದೇಶ, ಮಧ್ಯಪ್ರದೇಶಗಳಲ್ಲಿ ಮೇಯರರನ್ನು ಜನರೇ ಆರಿಸುತ್ತಾರಾದರೂ ಅಲ್ಲಿ ಎರಡನೇ ಸುತ್ತಿಲ್ಲ, ಹೆಚ್ಚು ಮತ ಬಂದವರು ಗೆದ್ದಂತೆ. ಕರ್ನಾಟಕ ಆ ದಾರಿಯನ್ನೂ ಹಿಡಿಯಲಿಲ್ಲ. 1964ರ ಪುರಸಭೆಗಳ ಕಾಯ್ದೆಯಡಿ ಅಧ್ಯಕ್ಷರ ಆಯ್ಕೆ ಸದಸ್ಯರದ್ದೇ. ಇಬ್ಬರಿಗೂ ಸಮ ಮತ ಬಂದರೆ ಚೀಟಿ ಎತ್ತಲಾಗುತ್ತದೆ, ಮತ್ತೊಂದು ಮತದಾನವಿಲ್ಲ. ನಿಜವಾದ ಕಗ್ಗಂಟು ಮತ ಎಣಿಕೆಯದ್ದಲ್ಲ, ಎರಡೂವರೆ ವರ್ಷದ ಅವಧಿಗೆ ಸರ್ಕಾರ ಹೊರಡಿಸುವ ಅಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿಯದ್ದು. ಅದು ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ, 2018ರಲ್ಲಿ ಮತದಾನ ನಡೆದ ರಾಜ್ಯದ ಹಲವು ನಗರ ಸಂಸ್ಥೆಗಳ ಸದಸ್ಯರು ಗೆದ್ದ ಪ್ರಮಾಣಪತ್ರ ಹಿಡಿದು 2020ರವರೆಗೂ ಕಾದು ಕುಳಿತರು, ಅಧ್ಯಕ್ಷರ ಕುರ್ಚಿ ಖಾಲಿಯಿತ್ತು, ಆಡಳಿತಾಧಿಕಾರಿಗಳು ಕಡತಗಳಿಗೆ ಸಹಿ ಹಾಕುತ್ತಿದ್ದರು.