ಒಡವೆಯೋ ಪಳೆಯುಳಿಕೆಯೋ: ಹುಕಾಂಗ್ ಕಣಿವೆಯ ಅಂಬರ್ ಗೋಜಲು

ಡೈನೊಸಾರ್ ಕಾಲದ ಇರುವೆ, ಜೀರುಂಡೆ, ನುಸಿಗಳ ಬಗ್ಗೆ ಈಚೆಗೆ ಬಂದ ಸುದ್ದಿಗಳಲ್ಲಿ ದೊಡ್ಡ ಪಾಲು ಒಂದೇ ಕಡೆಯ ಮಾಲು: ಉತ್ತರ ಮ್ಯಾನ್ಮಾರ್‌ನ ಕಚಿನ್ ರಾಜ್ಯದ ಹುಕಾಂಗ್ ಕಣಿವೆಯ ಅಂಬರ್, ಅಂದರೆ ಕಲ್ಲಾಗಿಹೋದ ಮರದ ರಾಳ. ಹಾನ್ ಅರಸರ ಕಾಲದಿಂದಲೂ ಚೀನಾಕ್ಕೆ ಹೋಗುತ್ತಿದ್ದ ಈ ಕಲ್ಲನ್ನು ಬರ್ಮಾ ಬ್ರಿಟಿಷ್ ಇಂಡಿಯಾದಲ್ಲಿದ್ದಾಗ ಇಲ್ಲಿನ ಭೂವಿಜ್ಞಾನಿಗಳೂ ನೋಡಿಬಂದರು. 1916ರಿಂದ ಕೀಟವಿಜ್ಞಾನಿ ಕಾಕರೆಲ್ ಅದರೊಳಗಿನ ಹುಳುಗಳಿಗೆ ಹೆಸರಿಡತೊಡಗಿದರು. ಆಮೇಲೆ ದಶಕಗಟ್ಟಲೆ ಹೆಚ್ಚೇನೂ ನಡೆಯಲಿಲ್ಲ. ವಯಸ್ಸು ಸುಮಾರು 9.9 ಕೋಟಿ ವರ್ಷ ಎಂಬ ಲೆಕ್ಕ ಬಂದದ್ದು 2012ರಲ್ಲಿ, ಅದೂ ಅಂಬರ್‌ನಿಂದಲ್ಲ, ಅದನ್ನು ಸುತ್ತಿದ್ದ ಜ್ವಾಲಾಮುಖಿ ಮಣ್ಣಿನ ಜಿರ್ಕಾನ್ ಹರಳುಗಳಿಂದ.

ಅಷ್ಟರಲ್ಲಿ, 2011ರ ಜೂನ್‌ನಲ್ಲಿ, ಮ್ಯಾನ್ಮಾರ್ ಸೇನೆ ಮತ್ತು ಕಚಿನ್ ಬಂಡುಕೋರ ಪಡೆಯ ನಡುವಿನ 17 ವರ್ಷದ ಕದನವಿರಾಮ ಮುರಿದಿತ್ತು. ಇಲ್ಲಿ ಗಣಿ ಎಂದರೆ ತೆಳ್ಳಗಿನ ಆಳೊಬ್ಬ ಇಳಿಯುವಷ್ಟೇ ಅಗಲದ ಬಾವಿ. ಕೆಲವು 100 ಮೀಟರ್ ಆಳ. ಮೇಲೆ ಬಂದ ಉಂಡೆ ಮೈಟ್‌ಕೀನಾ ಪಟ್ಟಣ ದಾಟಿ ಚೀನಾದ ಯುನ್ನಾನ್‌ನ ಟೆಂಗ್‌ಚಾಂಗ್ ಸಂತೆ ಸೇರುವ ಹೊತ್ತಿಗೆ ಯಾವ ಬಾವಿ, ಯಾವ ಪದರ ಎಂಬುದು ಅಳಿಸಿಹೋಗಿರುತ್ತದೆ. ನಕಲಿ ಯಾವುದೆಂದು ನೋಡುವ ಬಗೆಯಂತೂ ಇದೆ: ಅಸಲಿ ಅಂಬರ್ ಗಟ್ಟಿ ಉಪ್ಪುನೀರಿನಲ್ಲಿ ತೇಲುತ್ತದೆ, ಬಹುತೇಕ ಪ್ಲಾಸ್ಟಿಕ್ ಮುಳುಗುತ್ತದೆ. ಎಳೆಯ ರಾಳವಾದ ಕೋಪಲ್ ಕೂಡ ತೇಲುವುದರಿಂದ ಅಸಿಟೋನ್ ಹನಿಯೊಂದು ಬೇಕು. ಕೋಪಲ್ ಆದರೆ ಮೈ ಅಂಟಂಟಾಗುತ್ತದೆ. ಇನ್ನೊಂದು ನಷ್ಟ ಪಾಲಿಶ್‌ನದು. ಚೆಲುವಿಗೆಂದು ತುಸು ಹೆಚ್ಚು ಉಜ್ಜಿದರೆ ಒಳಗಿನ ಹುಳುವಿನ ಕುಡಿಮೀಸೆಯ ತುದಿ ಸವೆಯುತ್ತದೆ, ಪ್ರಭೇದ ಗುರುತಿಸಲು ಎಣಿಸುವ ಗಿಣ್ಣುಗಳೇ ಇರುವುದಿಲ್ಲ.

ಸಿಕ್ಕಿದ್ದು ಸಣ್ಣದಲ್ಲ ಎನ್ನುವುದನ್ನೂ ಹೇಳಬೇಕು. 2020ರಲ್ಲಿ ಬೆಳಕಿಗೆ ಬಂದ ಒಂದು ತುಂಡಿನಲ್ಲಿ ಕೊಂಬಿನ ಇರುವೆಯೊಂದು ಜಿರಲೆಯ ನಂಟಿನ ಮರಿಕೀಟವನ್ನು ಹಿಡಿದಂತೆಯೇ ನಿಂತಿದೆ. ಇಂದಿನ ಇರುವೆಗಳ ದವಡೆ ಅಡ್ಡಡ್ಡ ಚಲಿಸಿದರೆ ಇದರದು ಕೆಳಗಿನಿಂದ ಮೇಲಕ್ಕೆ ಎದ್ದು ಬೇಟೆಯನ್ನು ಕೊಂಬಿಗೆ ಒತ್ತುತ್ತಿತ್ತು. ಹಾಗೆಂದು ಊಹೆಯಷ್ಟೇ ಇತ್ತು, ಈಗ ಕಣ್ಣೆದುರಿಗಿದೆ.

2017ರ ಜೂನ್‌ನಲ್ಲಿ ಸೇನೆ ಇದೇ ಕಣಿವೆಯ ತನಾಯ್ ಪ್ರದೇಶದ ಗಣಿಗಾರರಿಗೆ ಜಾಗ ಬಿಡಿ ಎಂದು ಆಕಾಶದಿಂದ ಕರಪತ್ರ ಉದುರಿಸಿತು, ಮುಂದಿನ ವರ್ಷದ ಹೊತ್ತಿಗೆ ಗಣಿಗಳು ಅದರ ಕೈಸೇರಿದವು. ಕೊಂಡ ಹಣ ಕದನಕ್ಕೆ ನೆರವಾದೀತೆಂಬ ಕಳವಳದಿಂದ, ಆ ಜೂನ್ ತಿಂಗಳ ನಂತರ ಕೊಂಡ ಮಾದರಿಗಳ ಪ್ರಬಂಧ ಪ್ರಕಟಿಸಬೇಡಿ ಎಂದು ಕಶೇರುಕ (ಬೆನ್ನೆಲುಬಿನ ಪ್ರಾಣಿಗಳ) ಪ್ರಾಗ್ಜೀವಶಾಸ್ತ್ರ ಸಂಘ 2020ರ ಏಪ್ರಿಲ್‌ನಲ್ಲಿ ವಿಜ್ಞಾನ ಪತ್ರಿಕೆಗಳನ್ನು ಕೇಳಿಕೊಂಡಿತು. ಕೀಟಗಳ ಪಳೆಯುಳಿಕೆ ಅಭ್ಯಸಿಸುವವರಲ್ಲಿ ಹಲವರು ಒಪ್ಪಲಿಲ್ಲ. ಮ್ಯಾನ್ಮಾರ್ ಕಾನೂನಿನಲ್ಲಿ ಅದೇ ಕಲ್ಲು ಒಡವೆ ಎಂದಾದರೆ ಹೊರಗೆ ಹೋಗಬಹುದು, ಪಳೆಯುಳಿಕೆ ಎಂದಾದರೆ ಹೋಗಕೂಡದು. ಎರಡೂ ಕಡೆಯವರಿಗೆ ಅನುಕೂಲವಾದ ವಾದ ಇದರಲ್ಲೇ ಇದೆ. 2021ರ ಫೆಬ್ರವರಿಯ ಸೇನಾದಂಗೆಯ ನಂತರ ಪ್ರಶ್ನೆ ಇನ್ನೂ ಬಿಗಿಯಾಯಿತು.

ಗಡುವು ಹಾಕುವುದು ಸುಲಭ. ಕಲ್ಲಿನ ಮೇಲೆ ತಾರೀಖು ಇರುವುದಿಲ್ಲ. 2017ಕ್ಕೆ ಮೊದಲೇ ಕೊಂಡದ್ದು ಎನ್ನಲು ರಸೀದಿ ಬೇಕು, ಸಂತೆಯಲ್ಲಿ ಕೊಂಡ ಎಷ್ಟು ಕಲ್ಲಿಗೆ ಅದು ಸಿಕ್ಕಿರುತ್ತದೆ?