ಎಂಜಿನ್ ಪದೇ ಪದೇ ಕೆಟ್ಟರೆ ಮೊದಲು ಜಾಬ್ ಕಾರ್ಡ್ ನೋಡಿ

ಎಂಜಿನ್ ತೊಂದರೆ ಹೇಳಿಕೊಂಡು ಬರುವ ಕಾರು ಮಾಲೀಕರನ್ನು ನಾನು ಮೊದಲು ಕೇಳುವುದು ಜಾಬ್ ಕಾರ್ಡ್. ಹೆಚ್ಚಿನವರ ಹತ್ತಿರ ಅದು ಇರುವುದಿಲ್ಲ. ಫೋನ್ ತುಂಬ ವಿಡಿಯೊ ಇರುತ್ತದೆ. ಶೋರೂಮ್ ಮ್ಯಾನೇಜರ್ ಜೊತೆ ಜಗಳವಾಡಿದ ವಾಟ್ಸಾಪ್ ಮೆಸೇಜುಗಳಿರುತ್ತವೆ. ಆದರೆ ಗಾಡಿ ವರ್ಕ್‌ಶಾಪ್ ಒಳಗೆ ಹೋದ ದಿನ ಏನು ತೊಂದರೆ ಅಂತ ಬರೆಸಿದರು, ಹೊರಗೆ ಬಂದ ದಿನ ಏನು ರಿಪೇರಿ ಮಾಡಿದ್ದೇವೆ ಅಂತ ಅವರು ಬರೆದುಕೊಟ್ಟರು ಎನ್ನುವ ಕಾಗದ ಮಾತ್ರ ಇರುವುದಿಲ್ಲ. ಗ್ರಾಹಕರ ಆಯೋಗದಲ್ಲಿ ಇಂಥ ಕೇಸು ನಿಲ್ಲುವುದೂ ಬೀಳುವುದೂ ಆ ಕಾಗದದ ಮೇಲೆಯೇ.

ಹಾಸನದ ಕಡೆಯ ಕಕ್ಷಿದಾರರೊಬ್ಬರ ಡೀಸೆಲ್ ಎಸ್‌ಯುವಿ ವಿಷಯ ಹೇಳುತ್ತೇನೆ. ಶಿರಾಡಿ ಘಾಟಿ ಹತ್ತುವಾಗ ಇದ್ದಕ್ಕಿದ್ದ ಹಾಗೆ ಪಿಕಪ್ ಹೋಗುತ್ತಿತ್ತು. ಎಂಜಿನ್ ಲೈಟ್ ಹತ್ತುತ್ತಿತ್ತು, ಎಷ್ಟು ತುಳಿದರೂ ಗಾಡಿ ತೆವಳುತ್ತಿತ್ತು. ಹಿಂದೆ ಟ್ಯಾಂಕರ್‌ಗಳ ಸಾಲು, ಪಕ್ಕದಲ್ಲಿ ಪ್ರಪಾತ. ಸರ್ವಿಸ್ ಸೆಂಟರ್‌ನಲ್ಲಿ ಅವರು ಇಷ್ಟನ್ನೂ ಬಾಯಿಬಿಟ್ಟು ಹೇಳಿದ್ದರು. ಆದರೆ ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರು ಎನ್ನುವ ಕಾಲಂನಲ್ಲಿ ಇದ್ದದ್ದು 'ಜನರಲ್ ಚೆಕಪ್, ವಾಷಿಂಗ್'. ಮುಂದಿನ ಸಲ 'ಪಿಕಪ್ ಲೋ, ಚೆಕ್ ಅಂಡ್ ಅಡ್ವೈಸ್'. ಅದರ ಮುಂದಿನ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಕಳಿಸಿದರು, ಅದಕ್ಕೆ ಕಾರ್ಡನ್ನೇ ತೆರೆಯಲಿಲ್ಲ. ಕಂಪನಿ ಕಡೆಯ ವಕೀಲರು ಅದನ್ನೇ ಹಿಡಿದುಕೊಂಡರು. ಮೊದಲ ವರ್ಷ ಎಂಜಿನ್ ಬಗ್ಗೆ ದೂರೇ ಇರಲಿಲ್ಲವಲ್ಲ, ಈಗ ಬಂದ ತೊಂದರೆ ಹುಟ್ಟಿನಿಂದಲೇ ಇತ್ತು ಅಂತ ಹೇಗೆ ಹೇಳ್ತೀರಿ ಅಂದರು.

ಆ ಕೇಸು ಉಳಿದದ್ದು ಒಂದು ಸ್ಕ್ಯಾನ್ ರಿಪೋರ್ಟಿನಿಂದ, ಅಂದರೆ ಗಾಡಿಯ ಕಂಪ್ಯೂಟರ್ ದಾಖಲಿಸಿಕೊಂಡ ದೋಷಗಳ ಪಟ್ಟಿಯಿಂದ. ಮಾಲೀಕರು ಒಂದು ಸಲ ಹಠ ಹಿಡಿದು ಪ್ರಿಂಟ್ ಪಡೆದಿದ್ದರು. ಅದರಲ್ಲಿ ಪಿ0087 ಎನ್ನುವ ಕೋಡ್ ಇತ್ತು. ಫ್ಯುಯೆಲ್ ರೈಲಿನಲ್ಲಿ, ಅಂದರೆ ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆಯಲ್ಲಿ, ಒತ್ತಡ ಇರಬೇಕಾದಷ್ಟು ಇಲ್ಲ ಅಂತ ಅದರ ಅರ್ಥ. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಗಾಡಿ ಎಷ್ಟು ಸ್ಪೀಡಿನಲ್ಲಿತ್ತು, ಕೂಲಂಟ್ ಎಷ್ಟು ಬಿಸಿಯಾಗಿತ್ತು ಎನ್ನುವುದೂ ಅಲ್ಲಿತ್ತು. ಮೆಕ್ಯಾನಿಕ್‌ಗಳು ಇದನ್ನು ಫ್ರೀಜ್ ಫ್ರೇಮ್ ಅನ್ನುತ್ತಾರೆ. ಬಹಳ ದಿನಗಳ ನಂತರ, ಹೈ ಪ್ರೆಶರ್ ಪಂಪ್ ಬದಲಾಯಿಸಿದ ಮೇಲೂ, ಇನ್ನೊಂದು ಪ್ರಿಂಟಿನಲ್ಲಿ ಅದೇ ಕೋಡ್ ಬಂದಿತ್ತು. ಎರಡು ಹಾಳೆಯನ್ನು ಅಕ್ಕಪಕ್ಕ ಇಟ್ಟರೆ ವಾದವೇ ಬೇಕಿರಲಿಲ್ಲ.

ಹಾಗಾಗಿ ಗಾಡಿ ಬಿಡುವಾಗ ತೊಂದರೆಯನ್ನು ನಿಮ್ಮ ಮಾತಿನಲ್ಲೇ ಬರೆಸಿ. ಯಾವ ರಸ್ತೆ, ಎಷ್ಟು ಸ್ಪೀಡು, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ ಎಲ್ಲವೂ ಬರಲಿ. ಅಡ್ವೈಸರ್ ಬರೆಯುವುದಿಲ್ಲ ಅಂದರೆ ಅಲ್ಲೇ ನಿಂತು ಡೀಲರ್‌ಗೂ ಕಂಪನಿಯ ಕಸ್ಟಮರ್ ಕೇರ್‌ಗೂ ಒಂದು ಇಮೇಲ್ ಕಳಿಸಿ. ಗಾಡಿ ತರುವಾಗ ಇನ್‌ವಾಯ್ಸ್ ಜೊತೆ ಸ್ಕ್ಯಾನ್ ಪ್ರಿಂಟ್ ಕೇಳಿ. ವಾರಂಟಿಯಲ್ಲಿ ಆಗಿದೆ, ಬಿಲ್ ಬೇಡ ಅಂತ ಹೇಳುತ್ತಾರೆ. ಸೊನ್ನೆ ರೂಪಾಯಿ ಬಿಲ್ ಕೂಡ ಬೇಕು, ಬಿಡಬೇಡಿ. 'ಗ್ರಾಹಕರು ತೃಪ್ತರಾಗಿದ್ದಾರೆ' ಎನ್ನುವ ಸಾಲಿನ ಕೆಳಗೆ ಸುಮ್ನೆ ಸಹಿ ಹಾಕುವವರೇ ಜಾಸ್ತಿ. ಆ ಸಹಿ ಮುಂದೆ ನಿಮ್ಮ ವಿರುದ್ಧವೇ ಹಾಜರಾಗುತ್ತದೆ. 'ಓಡಿಸಿ ನೋಡಿದ ಮೇಲೆ ತಿಳಿಸುತ್ತೇನೆ' ಅಂತ ಬರೆದು ಸಹಿ ಹಾಕಿ. ಇನ್ನು ವಿಡಿಯೊ ಬೇಡ ಅಂತಲ್ಲ. ಅದನ್ನು ಸಾಕ್ಷ್ಯವಾಗಿ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಲಗತ್ತಿಸಿದರೆ ತಕರಾರು ಕಡಿಮೆ.

ಇಷ್ಟೆಲ್ಲ ಕಾಗದ ಏಕೆ ಬೇಕು? ವಾರಂಟಿ ಅಂದರೆ ಕಾರು ಬದಲಿಸಿಕೊಡುವ ಭರವಸೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಾರುತಿ ಉದ್ಯೋಗ್‌ಗೆ ಸಂಬಂಧಿಸಿದ 2006ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ವಾರಂಟಿಯಲ್ಲಿ ಕಂಪನಿ ಒಪ್ಪಿಕೊಂಡಿರುವುದು ಕೆಟ್ಟ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದು. ಒಂದು ಭಾಗ ಕೆಟ್ಟಿತು ಎಂದು ಇಡೀ ಕಾರು ಬದಲಿಸಿ ಎನ್ನಲಾಗದು. ಇವತ್ತಿಗೂ ಪ್ರತಿ ಕೇಸಿನಲ್ಲೂ ಕಂಪನಿ ಎತ್ತಿ ತೋರಿಸುವ ಮೊದಲ ತೀರ್ಪು ಇದೇ.

ಈ ಗೋಡೆ ದಾಟಬೇಕಾದರೆ ತೋರಿಸಬೇಕಾದದ್ದು ಎರಡು. ಭಾಗ ಬದಲಿಸಿದರೂ ತೊಂದರೆ ಹೋಗಿಲ್ಲ. ಆ ತೊಂದರೆ ತಯಾರಿಕೆಯಲ್ಲೇ ಇತ್ತು, ಓಡಿಸಿದ ರೀತಿಯಿಂದ ಬಂದದ್ದಲ್ಲ. ಮೊದಲನೆಯದನ್ನು ಜಾಬ್ ಕಾರ್ಡ್ ಹೇಳುತ್ತದೆ, ಎರಡನೆಯದನ್ನು ತಜ್ಞರು ಹೇಳಬೇಕು. 2010ರಲ್ಲಿ ಫಿಯೆಟ್ ಕಾರಿನ ಎಂಜಿನ್ ಶಬ್ದದ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಸ್ವತಂತ್ರ ತಜ್ಞರು ಪರೀಕ್ಷಿಸಿ ಮೂಲದಲ್ಲೇ ತಯಾರಿಕಾ ದೋಷ ಇದೆ ಅಂದರೆ ಕಾರಿನ ಬೆಲೆ, ಲೈಫ್‌ಟೈಮ್ ಟ್ಯಾಕ್ಸ್ ಸಮೇತ ವಾಪಸ್ ಕೊಡಬೇಕು ಅಂತ ಕೋರ್ಟ್ ಹೇಳಿತು. ಪಂಜಾಬಿನಿಂದ ಹೋದ ಫೋರ್ಡ್ ಎಂಡೇವರ್ ಕೇಸು ಇನ್ನೂ ದೂರ ಹೋಯಿತು. ಆಯಿಲ್ ಸೋರಿಕೆಯಿಂದ ಶುರುವಾದ ಜಗಳ ಅದು. ಕೇಸು ನಡೆಯುತ್ತಿದ್ದಾಗಲೇ ಎಂಜಿನ್ ಬದಲಿಸಿದರೂ ಗಾಡಿ ರಸ್ತೆಗಿಳಿಯುವ ಸ್ಥಿತಿಯಲ್ಲಿಲ್ಲ ಎಂದು ಮಾಲೀಕರು ದೂರಿದರು. ಕೊನೆಗೆ ಒಟ್ಟು 42 ಲಕ್ಷ ರೂಪಾಯಿ ಕೊಡಿ ಅಂತ ಸುಪ್ರೀಂ ಕೋರ್ಟ್ ಕಂಪನಿಗೆ ಆದೇಶಿಸಿತು.

ತಜ್ಞರ ವಿಷಯದಲ್ಲಿ ನಮ್ಮ ಜನ ಬಹಳ ತಡ ಮಾಡುತ್ತಾರೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 38ನೇ ಸೆಕ್ಷನ್‌ನಲ್ಲಿ ಇದಕ್ಕೆ ದಾರಿ ಇದೆ. ಪರೀಕ್ಷೆ ಇಲ್ಲದೆ ದೋಷ ಗೊತ್ತಾಗುವಂತಿಲ್ಲ ಅಂದರೆ ಆಯೋಗವೇ ವಸ್ತುವನ್ನು ಪರೀಕ್ಷೆಗೆ ಕಳಿಸಬಹುದು. ದೂರು ಹಾಕುವಾಗಲೇ ಇದಕ್ಕೊಂದು ಅರ್ಜಿ ಜೊತೆಗಿರಲಿ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಅಥವಾ ಆಟೊಮೊಬೈಲ್ ವಿಭಾಗದ ಪ್ರಾಧ್ಯಾಪಕರನ್ನು ಕೇಳಬಹುದು. ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಯನ್ನೂ ಕೇಳಬಹುದು, ಆದರೆ ಗಾಡಿ ಸಾಗಿಸುವ ಖರ್ಚು ಲೆಕ್ಕ ಹಾಕಿಕೊಳ್ಳಿ. ಆರ್‌ಟಿಒ ಇನ್‌ಸ್ಪೆಕ್ಟರ್ ವರದಿ ಮಾತ್ರ ತಂದರೆ ಎಂಜಿನ್ ಕೇಸಿಗೆ ಅದು ಸಾಲದು ಅಂತ ನನ್ನ ಅಭಿಪ್ರಾಯ. ಅವರು ನೋಡುವುದು ಗಾಡಿ ರಸ್ತೆಗೆ ಯೋಗ್ಯವೋ ಅಲ್ಲವೋ ಅಂತ. ಬೇರಿಂಗ್ ಏಕೆ ಸವೆಯಿತು ಎನ್ನುವುದು ಬೇರೆಯೇ ಪ್ರಶ್ನೆ. ನಿಮ್ಮ ಪರಿಚಯದ ಗ್ಯಾರೇಜಿನವರು ಬರೆದುಕೊಟ್ಟ ಚೀಟಿಗೂ ಹೆಚ್ಚು ಬೆಲೆ ಸಿಗುವುದಿಲ್ಲ. ಹಾಗೆಯೇ ಕಂಪನಿಯ ಎಂಜಿನಿಯರ್ ಕೊಡುವ ಅಫಿಡವಿಟ್ ಸ್ವತಂತ್ರ ಸಾಕ್ಷ್ಯವಲ್ಲ, ಇದನ್ನು ಆಯೋಗದ ಗಮನಕ್ಕೆ ತರಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು, ಎಂಜಿನ್ ಬಿಚ್ಚುವ ಮೊದಲು ಪರೀಕ್ಷೆ ಆಗಬೇಕು. ಬಿಚ್ಚಿ ಜೋಡಿಸಿದ ಎಂಜಿನ್ ನೋಡಿ ಮೊದಲು ಹೇಗಿತ್ತು ಅಂತ ಯಾರು ಹೇಳಬಲ್ಲರು? ವರ್ಕ್‌ಶಾಪಿನವರು ಎಸ್ಟಿಮೇಟ್‌ಗೆ ಸಹಿ ಹಾಕಿ, ಇವತ್ತೇ ಓಪನ್ ಮಾಡ್ತೀವಿ ಅಂತ ಅವಸರ ಮಾಡಿದರೆ, ನಿಮ್ಮ ಎದುರಿಗೇ ಬಿಚ್ಚಬೇಕು, ತೆಗೆದ ಭಾಗಗಳನ್ನು ಇಟ್ಟಿರಬೇಕು ಅಂತ ಬರೆದುಕೊಡಿ. ಆಯಿಲ್ ಸ್ಯಾಂಪಲ್ ಕೂಡ ತೆಗೆದಿಡಲು ಹೇಳಿ. ಲೋಹದ ಪುಡಿ ಆಯಿಲಿನಲ್ಲಿ ಕಂಡರೆ ಅದೇ ದೊಡ್ಡ ಸಾಕ್ಷಿ.

ತಜ್ಞರೇ ಬೇಕಾಗಿಲ್ಲ ಎನ್ನುವ ಕೇಸುಗಳೂ ಇವೆ. ಹುಂಡೈ ಕ್ರೆಟಾದ ಏರ್‌ಬ್ಯಾಗ್ ಅಪಘಾತದಲ್ಲಿ ತೆರೆಯದ ಪ್ರಕರಣದಲ್ಲಿ, 2022ರಲ್ಲಿ, ಗ್ರಾಹಕರು ಡಿಕ್ಕಿಯ ಬಲ ಲೆಕ್ಕ ಹಾಕಲು ಭೌತಶಾಸ್ತ್ರದ ಪಂಡಿತರಲ್ಲ ಎನ್ನುವ ಅರ್ಥದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಘಟನೆಯೇ ದೋಷವನ್ನು ಸಾರುತ್ತಿತ್ತು. ಆದರೆ ಎಂಜಿನ್ ಕೇಸಿನಲ್ಲಿ ಇದನ್ನೇ ನೆಚ್ಚಿಕೊಳ್ಳಬೇಡಿ. ಏರ್‌ಬ್ಯಾಗ್ ತೆರೆಯಿತೋ ಇಲ್ಲವೋ ಎರಡರಲ್ಲಿ ಒಂದು. ಎಂಜಿನ್ ಕೆಡಲು ಕಾರಣ ಹತ್ತಾರು, ಕಂಪನಿ ಆ ಹತ್ತಾರನ್ನೂ ಹೇಳುತ್ತದೆ.

ಅದು ಹೇಳುವುದರಲ್ಲಿ ಮೊದಲನೆಯದು ಕಿಲೋಮೀಟರ್. ಗಾಡಿ 40,000 ಓಡಿದೆ, ದೋಷವಿದ್ದಿದ್ದರೆ ಇಷ್ಟು ಓಡುತ್ತಿತ್ತೇ? ಆಯೋಗಗಳು ಈ ಮಾತಿಗೆ ಬೇಗ ಒಲಿಯುತ್ತವೆ. ಉತ್ತರ ಇರುವುದು ಮೊದಲ ದೂರಿನ ತಾರೀಕಿನಲ್ಲಿ. 3,000 ಕಿಲೋಮೀಟರಿಗೇ ದೂರು ಬರೆಸಿದ್ದರೆ ಉಳಿದ ಓಟ ನಿಮ್ಮ ತಾಳ್ಮೆಯನ್ನಷ್ಟೇ ತೋರಿಸುತ್ತದೆ. ಎರಡನೆಯದು ಇಂಧನ. ಕಲಬೆರಕೆ ಡೀಸೆಲ್ ಹಾಕಿಸಿದ್ದಾರೆ ಅನ್ನುತ್ತಾರೆ. ಸ್ಯಾಂಪಲ್ ಪರೀಕ್ಷೆ ಮಾಡಿಸಿದ ವರದಿ ಎಲ್ಲಿ ಅಂತ ಕೇಳಿದರೆ ಹೆಚ್ಚಿನ ಸಲ ಇರುವುದಿಲ್ಲ. ಈಗ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಬರುತ್ತಿರುವುದರಿಂದ ಹಳೆ ಗಾಡಿಗಳಲ್ಲಿ ಈ ಜಗಳ ಇನ್ನೂ ಬಿಗಿಯಾಗಲಿದೆ. ನಿಮ್ಮ ಓನರ್ಸ್ ಮ್ಯಾನ್ಯುಯಲ್‌ನಲ್ಲಿ ಎಷ್ಟು ಎಥನಾಲ್ ಹಾಕಬಹುದು ಅಂತಿದೆ ನೋಡಿಕೊಂಡು ಆ ಪುಟದ ಫೋಟೊ ಇಟ್ಟುಕೊಳ್ಳಿ. ಮೂರನೆಯದು ಸರ್ವಿಸ್ ತಪ್ಪಿಸಿದ್ದು. ಇದಕ್ಕೆ ನನ್ನ ಬಳಿ ಮದ್ದಿಲ್ಲ. ವಾರಂಟಿ ಇರುವಷ್ಟು ದಿನ ಹೊರಗಿನ ಗ್ಯಾರೇಜಿಗೆ ಹೋಗಬೇಡಿ, ದಿನ ಮೀರಬೇಡಿ.

ಯಾರ ಮೇಲೆ ಕೇಸು ಹಾಕಬೇಕು? ಡೀಲರ್, ಕಂಪನಿ ಇಬ್ಬರ ಮೇಲೂ. ಗೋವಾದಲ್ಲಿ ಡೀಲರ್ ಒಬ್ಬರು 2009ರ ಮಾಡೆಲ್ ಕಾರನ್ನು 2011ರದ್ದು ಅಂತ ಮಾರಿದ್ದರು. ಟಾಟಾ ಮೋಟರ್ಸ್ ಮೇಲೂ ಹೊಣೆ ಹೊರಿಸಿದ್ದನ್ನು ಸುಪ್ರೀಂ ಕೋರ್ಟ್ 2021ರಲ್ಲಿ ತೆಗೆದುಹಾಕಿತು. ಡೀಲರ್ ಮಾಡಿದ ತಪ್ಪು ಕಂಪನಿಗೆ ತಿಳಿದಿತ್ತು ಅಂತ ದೂರಿನಲ್ಲೂ ಇರಲಿಲ್ಲ, ಸಾಕ್ಷ್ಯವೂ ಇರಲಿಲ್ಲ. ಹಾಗಾಗಿ ಕಂಪನಿಗೆ ನೇರವಾಗಿ ಬರೆದ ಇಮೇಲ್‌ಗಳು ಬೇಕೇ ಬೇಕು. ತಯಾರಿಕಾ ದೋಷಕ್ಕೆ ಕಂಪನಿ, ಕೆಟ್ಟ ರಿಪೇರಿಗೆ ಡೀಲರ್ ಅಂತ ಬೇರೆ ಬೇರೆಯಾಗಿ ಬರೆಯಿರಿ.

ಉಳಿದ ವಿವರ ಬೇಗ ಹೇಳಿಬಿಡುತ್ತೇನೆ. ಕಂಪನಿ ಚೆನ್ನೈನಲ್ಲಿರಲಿ, ಪುಣೆಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, 2 ಕೋಟಿವರೆಗೆ ರಾಜ್ಯ ಆಯೋಗ. 5 ಲಕ್ಷದವರೆಗೆ ಶುಲ್ಕವಿಲ್ಲ, 10ರಿಂದ 20 ಲಕ್ಷದ ಕಾರಿಗೆ 400 ರೂಪಾಯಿ. ಎರಡು ವರ್ಷದೊಳಗೆ ಹಾಕಬೇಕು. ಯೆಲ್ಲೋ ಬೋರ್ಡ್ ಗಾಡಿಯವರು ನಮಗಿದು ಅನ್ವಯಿಸಲ್ಲ ಅಂದುಕೊಂಡಿರುತ್ತಾರೆ. ಸ್ವಂತ ಜೀವನೋಪಾಯಕ್ಕೆ ತಾವೇ ಓಡಿಸುವವರು ಗ್ರಾಹಕರೇ. ಕಂಪನಿ ಹೆಸರಿನಲ್ಲಿ ಕೊಂಡು ನಿರ್ದೇಶಕರು ಬಳಸುವ ಕಾರಿಗೂ ಬಾಗಿಲು ಮುಚ್ಚಿಲ್ಲ ಅಂತ ಮರ್ಸಿಡಿಸ್ ಪ್ರಕರಣದಲ್ಲಿ 2024ರಲ್ಲಿ ತೀರ್ಪಾಗಿದೆ. ಇನ್ನೊಂದು ಮಾತು ಕಿರಿಯ ವಕೀಲರಿಗೆ. 2019ರ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆ ಅಂತ ಒಂದು ಅಧ್ಯಾಯವಿದೆ, ಎಂಜಿನ್ ಕೇಸನ್ನು ಅದರಡಿ ಮಾತ್ರ ತರಬೇಡಿ. ಆ ಅಧ್ಯಾಯದ 'ಹಾನಿ'ಯಲ್ಲಿ ಉತ್ಪನ್ನಕ್ಕೇ ಆದ ಹಾನಿ ಸೇರುವುದಿಲ್ಲ. ಸರಕಿನ ದೋಷ, ಸೇವಾ ನ್ಯೂನತೆ ಅಂತಲೇ ಕೇಳಿ.

ಒಬ್ಬೊಬ್ಬರೇ ಹೋರಾಡುವುದು ನಮ್ಮ ದೊಡ್ಡ ದೌರ್ಬಲ್ಯ ಅಂತ ನನಗೆ ಅನಿಸುತ್ತದೆ. ಅಮೆರಿಕದಲ್ಲಿ ಹುಂಡೈ, ಕಿಯಾ ಕಾರುಗಳ ಥೀಟಾ 2 ಎಂಜಿನ್ ಗಲಾಟೆ ನೋಡಿ. ತಯಾರಿಕೆಯಲ್ಲಿ ಉಳಿದ ಲೋಹದ ಚೂರು ಎಂಜಿನ್ ಒಳಗೆ ತಿರುಗುವ ಮುಖ್ಯ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟ್‌ನ, ಆಯಿಲ್ ದಾರಿಗೆ ಅಡ್ಡ ಬಂತು. ಬೇರಿಂಗ್ ಸವೆಯಿತು, ಓಡುತ್ತಿದ್ದ ಎಂಜಿನ್ ಜಾಮ್ ಆಗಿ ನಿಂತಿತು. 2015ರಲ್ಲಿ ಮೊದಲ ರೀಕಾಲ್ ಆಯಿತು. ರೀಕಾಲ್ ತಡ ಮಾಡಿದ್ದಕ್ಕೆ 2020ರಲ್ಲಿ ಎರಡೂ ಕಂಪನಿಗಳ ಮೇಲೆ ಒಟ್ಟು 21 ಕೋಟಿ ಡಾಲರ್ ದಂಡದ ಒಪ್ಪಂದವಾಯಿತು. ಮಾಲೀಕರು ಒಟ್ಟಾಗಿ ಹೂಡಿದ ದಾವೆಯಿಂದ ಆ ಎಂಜಿನ್‌ಗಳಿಗೆ ಜೀವಿತಾವಧಿ ವಾರಂಟಿ ಸಿಕ್ಕಿತು. ಒಳಗಿನ ಮಾಹಿತಿ ಹೊರಗೆ ತಂದ ಕಂಪನಿಯದೇ ಎಂಜಿನಿಯರ್ ಒಬ್ಬರಿಗೆ ಸರ್ಕಾರ 2.4 ಕೋಟಿ ಡಾಲರ್‌ಗೂ ಹೆಚ್ಚು ಬಹುಮಾನ ಕೊಟ್ಟಿತು. ಒಬ್ಬ ಮಾಲೀಕರಿಗೆ ತಮ್ಮ ಕ್ರ್ಯಾಂಕ್‌ಶಾಫ್ಟ್ ಒಳಗೆ ಚೂರು ಇದೆ ಅಂತ ಎಂದಾದರೂ ಗೊತ್ತಾಗುತ್ತಿತ್ತೇ?

ಪದೇ ಪದೇ ಕೆಡುವ ಹೊಸ ಕಾರನ್ನು ಕಂಪನಿ ಬದಲಿಸಿಕೊಡಬೇಕು ಇಲ್ಲವೇ ಹಣ ವಾಪಸ್ ಕೊಡಬೇಕು ಎನ್ನುವ, ಅಮೆರಿಕದಲ್ಲಿರುವಂಥ ಲೆಮನ್ ಲಾ ನಮ್ಮಲ್ಲಿಲ್ಲ, ಸರಿ. ಆದರೆ ಇರುವುದನ್ನೂ ನಾವು ಬಳಸುತ್ತಿಲ್ಲ. ಒಂದೇ ಹಿತಾಸಕ್ತಿ ಇರುವ ಗ್ರಾಹಕರು ಆಯೋಗದ ಅನುಮತಿ ಪಡೆದು ಒಟ್ಟಿಗೆ ದೂರು ಹಾಕಲು ಗ್ರಾಹಕರ ಸಂರಕ್ಷಣಾ ಕಾಯ್ದೆಯ 35ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಪರಿಸರಕ್ಕೆ ಅಥವಾ ರಸ್ತೆಯಲ್ಲಿರುವವರಿಗೆ ಅಪಾಯ ತರುವ ದೋಷವಿದ್ದರೆ ಮೋಟಾರು ವಾಹನ ಕಾಯ್ದೆಯ 110ಎ ಪ್ರಕಾರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು. ಅದಕ್ಕೆ ಮಾಲೀಕರ ದೂರುಗಳ ಸಂಖ್ಯೆಯೇ ಒಂದು ಆಧಾರ. ಘಾಟಿಯಲ್ಲಿ ಪಿಕಪ್ ಸಾಯುವುದು ಅಪಾಯವಲ್ಲದೆ ಮತ್ತೇನು? ನಿಮ್ಮದೇ ಮಾಡೆಲ್ ಇಟ್ಟುಕೊಂಡಿರುವವರ ಜಾಬ್ ಕಾರ್ಡುಗಳನ್ನು ಒಟ್ಟುಮಾಡಿ. ಅದೇ ಕೋಡ್, ಅದೇ ಭಾಗ ಬೇರೆ ಬೇರೆ ಊರಿನ ಹಾಳೆಗಳಲ್ಲಿ ಕಂಡರೆ, ಓಡಿಸಿದ ರೀತಿ ಸರಿಯಿಲ್ಲ ಎನ್ನುವ ವಾದ ನಿಲ್ಲುವುದಿಲ್ಲ.

ಪರೀಕ್ಷೆ ಬೇಕಾದ ಕೇಸು ಐದು ತಿಂಗಳಲ್ಲಿ ಮುಗಿಯಬೇಕು ಅಂತ ಕಾನೂನು ಹೇಳುತ್ತದೆ. ನಿಜದಲ್ಲಿ ವರ್ಷಗಳು ಹಿಡಿಯುತ್ತವೆ, ಆಮೇಲೆ ಮೇಲ್ಮನವಿ ಬೇರೆ. ಆ ಸಮಯದಲ್ಲಿ ಎರಡು ವಿಷಯದಲ್ಲಿ ಎಚ್ಚರವಿರಲಿ. ಸಿಟ್ಟಿನಲ್ಲಿ ಇಎಂಐ ನಿಲ್ಲಿಸಬೇಡಿ. ಬ್ಯಾಂಕಿಗೂ ನಿಮ್ಮ ಎಂಜಿನ್‌ಗೂ ಸಂಬಂಧವಿಲ್ಲ, ಅವರು ಗಾಡಿ ಎತ್ತಿಕೊಂಡು ಹೋದರೆ ಸಾಕ್ಷ್ಯವೇ ಹೋಯಿತು. ಹಾಗೆಯೇ, ಬೇಸತ್ತು ಗಾಡಿ ಮಾರಬೇಡಿ. ಕೇಸು ನಡೆಯುವಾಗ ಮಾರಿದವರು ಗ್ರಾಹಕರಾಗಿ ಉಳಿಯುವುದಿಲ್ಲ ಅಂತ ರಾಷ್ಟ್ರೀಯ ಆಯೋಗ ಹೇಳಿದ ತೀರ್ಪುಗಳಿವೆ. ಮಾರಲೇಬೇಕಾದ ಪರಿಸ್ಥಿತಿ ಬಂದರೆ, ಮೊದಲು ತಜ್ಞರ ಪರೀಕ್ಷೆ ಮುಗಿಸಿ, ಆಯೋಗದ ಅನುಮತಿಗೆ ಅರ್ಜಿ ಹಾಕಿ, ಆದೇಶ ಕೈಗೆ ಬಂದ ಮೇಲೆ ಮಾರಿ.